ಸ್ಯಾನ್ ಹೊಸೆಯ ಒಂದು ಗ್ಯಾರೇಜು, ಎಂಟು ಪೆಟ್ಟಿಗೆ ಕಾಮಿಕ್ಸ್

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಒಂದು, "ನಯಾಗರ ನೋಡಿದ್ರಾ?" ಇನ್ನೊಂದು, "ಊಟಕ್ಕೆ ಏನ್ ಮಾಡ್ಕೊಂಡ್ರಿ?" ನಯಾಗರ ನಾನು ನೋಡಲಿಲ್ಲ. ಅದು ದೇಶದ ಆ ತುದಿ, ನಾನಿದ್ದದ್ದು ಈ ತುದಿ. ಊಟಕ್ಕಂತೂ ಏನೂ ತೊಂದರೆ ಆಗಲಿಲ್ಲ. ನಮ್ಮ ಸಾಗರದ ಸಂತೆಯಲ್ಲಿ ಸಿಗುವ ತೊಂಡೆಕಾಯಿ, ನುಗ್ಗೆಕಾಯಿ, ಕರಿಬೇವು ಎಲ್ಲವೂ ಅಲ್ಲಿ ಸಿಗುತ್ತವೆ, ಬೆಲೆಯನ್ನು ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಬಾರದು ಅಷ್ಟೆ. ಗೋಲ್ಡನ್ ಗೇಟ್ ಸೇತುವೆ ನೋಡಿದೆ. ಜುಲೈ ತಿಂಗಳಲ್ಲಿ ಶಾಲು ಹೊದ್ದು ನಡುಗುತ್ತಾ ನೋಡಿದೆ. ಅದರ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ನಾನು ನಿಮಗೆ ಹೇಳಬೇಕೆಂದಿರುವುದು ನನ್ನ ತಂಗಿಯ ಪಕ್ಕದ ಮನೆಯ ಒಂದು ಗ್ಯಾರೇಜಿನ ವಿಷಯ.

2023ರ ಬೇಸಿಗೆಯಲ್ಲಿ ಎರಡೂವರೆ ತಿಂಗಳು ನಾನು ತಂಗಿಯ ಮನೆಯಲ್ಲಿದ್ದೆ. ಊರು ಸ್ಯಾನ್ ಹೊಸೆ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ 'ಸ್ಯಾನ್ ಜೋಸ್' ಅಂದರೆ ಮಕ್ಕಳು ನಗುತ್ತಾರೆ. ಬತ್ತಿ ಹೊಸೆಯುವ 'ಹೊಸೆ' ಅಂತ ನೆನಪಿಟ್ಟುಕೊಂಡೆ, ಆಮೇಲೆ ಮರೆಯಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 80 ಕಿಲೋಮೀಟರ್ ದಕ್ಷಿಣಕ್ಕಿದೆ. ಬೇಸಿಗೆಯಲ್ಲಿ ಒಂದು ಹನಿ ಮಳೆ ಇಲ್ಲ. ಪೂರ್ವದ ಗುಡ್ಡಗಳೆಲ್ಲ ಒಣಹುಲ್ಲಿನಿಂದ ಹಳದಿಯಾಗಿ, ಬೈಹುಲ್ಲಿನ ಬಣವೆಗಳನ್ನು ಸಾಲಾಗಿ ಒಟ್ಟಿದ ಹಾಗೆ ಕಾಣುತ್ತವೆ. ನಮ್ಮ ಮಲೆನಾಡಿನಲ್ಲಿ ಅದೇ ಹೊತ್ತಿಗೆ ಛತ್ರಿ ಬಿಟ್ಟು ಹೊರಗೆ ಕಾಲಿಡುವಂತಿಲ್ಲ! ಕಂಪ್ಯೂಟರಿನವರು ಬರುವುದಕ್ಕೆ ಮೊದಲು ಈ ಕಣಿವೆಯೆಲ್ಲ ಹಣ್ಣಿನ ತೋಟಗಳಾಗಿತ್ತಂತೆ, ಏಪ್ರಿಕಾಟ್ ಮತ್ತು ಪ್ರೂನ್. ಈಗ ತೋಟ ಹೋಗಿ ಮನೆಗಳಾಗಿವೆ. ಅಲ್ಲೊಂದು ಇಲ್ಲೊಂದು ಹಿತ್ತಲಲ್ಲಿ ಹಳೆಯ ಮರ ಉಳಿದುಕೊಂಡಿದೆ.

ಅಂಥ ಒಂದು ಮರ ಪಕ್ಕದ ಮನೆಯ ಅಜ್ಜಿಯ ಹಿತ್ತಲಲ್ಲಿತ್ತು. ಅಜ್ಜಿಗೆ ಎಂಬತ್ತೆರಡು ವರ್ಷ, ಒಬ್ಬರೇ. ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು. ಮನೆ ಮಾರಿ ಮಗಳಿರುವ ಊರಿನಲ್ಲಿ ವಯಸ್ಸಾದವರ ವಸತಿಗೆ ಹೋಗುವುದೆಂದು ಗೊತ್ತಾಗಿತ್ತು. ಅಲ್ಲಿ ಸೇರಲು ಕಟ್ಟಬೇಕಾದ ಹಣಕ್ಕೆ ಮನೆ ಮಾರಾಟದ ದುಡ್ಡು ಕೈಗೆ ಬರುವವರೆಗೆ ಕಾಯುವ ಹಾಗಿರಲಿಲ್ಲ. ಅಕ್ಟೋಬರ್ ಹೊತ್ತಿಗೆ ಮನೆಯನ್ನೂ ಖಾಲಿ ಮಾಡಬೇಕಿತ್ತು. ಆ ದೇಶದಲ್ಲಿ ಗ್ಯಾರೇಜು ಅಂದರೆ ನಮ್ಮ ಅಟ್ಟ. ಕಾರು ಬೀದಿಯಲ್ಲಿ ನಿಂತಿರುತ್ತದೆ, ಒಳಗೆ ಮೂವತ್ತು-ನಲವತ್ತು ವರ್ಷದ ಸಾಮಾನು! ಅಜ್ಜಿಯ ಗ್ಯಾರೇಜಿನಲ್ಲಿ ಎಂಟು ಉದ್ದುದ್ದ ರಟ್ಟಿನ ಪೆಟ್ಟಿಗೆಗಳಿದ್ದವು. ಮಗ ಚಿಕ್ಕವನಿದ್ದಾಗಿನಿಂದ ಕಾಲೇಜು ಮುಗಿಸಿದ ಮೇಲೂ ಕೊಂಡಿಟ್ಟ ಕಾಮಿಕ್ಸ್ ಪುಸ್ತಕಗಳು. ಮಗನಿಗೆ ಈಗ ಐವತ್ತೇಳು ವರ್ಷ, ದೂರದ ರಾಜ್ಯದಲ್ಲಿದ್ದಾನೆ. ಫೋನ್ ಮಾಡಿ ಕೇಳಿದರೆ "ನನಗೆ ಬೇಡಮ್ಮ, ಮಾರಿ ದುಡ್ಡು ನೀನೇ ಇಟ್ಟುಕೋ" ಅಂದನಂತೆ.

ಹಳೆ ಸಾಮಾನು ಕೊಳ್ಳುವವನೊಬ್ಬ ಬಂದು, ಎರಡು ಪೆಟ್ಟಿಗೆ ತೆರೆದು ನೋಡಿ, ಎಂಟಕ್ಕೂ ಸೇರಿ 400 ಡಾಲರ್ ಕೊಡ್ತೀನಿ, ಈಗಲೇ ಹೊತ್ತುಕೊಂಡು ಹೋಗ್ತೀನಿ ಅಂದಿದ್ದ. ಅಜ್ಜಿ ಹೂಂ ಅನ್ನುವುದರಲ್ಲಿದ್ದರು. ತಂಗಿ ಬೇಲಿಯ ಆಚೆಯಿಂದ ಕೇಳಿಸಿಕೊಂಡು, "ಒಂದು ವಾರ ತಡೀರಿ" ಅಂದಳು. ನನಗೆ ಕನ್ನಡದಲ್ಲಿ ಹೇಳಿದಳು: "ಅಕ್ಕಾ, ಎರಡು ಪೆಟ್ಟಿಗೆ ನೋಡಿ ಎಂಟಕ್ಕೆ ಬೆಲೆ ಕಟ್ಟುವವನು ಆ ಎರಡರಲ್ಲೇ ಏನೋ ನೋಡಿದಾನೆ."

ಹೇಗೂ ನಾವಿದ್ದದ್ದು ಇ-ಬೇ ಹುಟ್ಟಿದ ಊರಿನಲ್ಲೇ. ಇ-ಬೇ ಅಂದರೆ ಕಂಪ್ಯೂಟರಿನಲ್ಲಿ ನಡೆಯುವ ಹರಾಜು. 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬ ತರುಣ ಇದೇ ಸ್ಯಾನ್ ಹೊಸೆಯ ತನ್ನ ಮನೆಯಲ್ಲಿ ಕೂತು ಶುರು ಮಾಡಿದ್ದು. ಆಗ ಅದರ ಹೆಸರು ಆಕ್ಷನ್ ವೆಬ್. ಮೊದಲು ಮಾರಾಟವಾದದ್ದು ಏನು ಗೊತ್ತೇ? ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, ಪಾಠ ಹೇಳುವಾಗ ಹಲಗೆಯ ಮೇಲೆ ಕೆಂಪು ಚುಕ್ಕೆ ಬೀಳಿಸುತ್ತಾರಲ್ಲ ಅದು. 14 ಡಾಲರ್ 83 ಸೆಂಟ್‌ಗೆ ಹೋಯಿತು ಅಂತ ಕಂಪನಿಯವರೇ ಹೇಳಿಕೊಳ್ಳುತ್ತಾರೆ. ಕೊಂಡವನಿಗೆ ಒಮಿಡ್ಯಾರ್ "ಇದು ಕೆಟ್ಟಿದೆ, ಗೊತ್ತಾಯಿತೇ?" ಅಂತ ಬರೆದು ಕೇಳಿದರೆ, "ಗೊತ್ತು, ನಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಕೂಡಿಡುವವನು" ಅಂತ ಉತ್ತರ ಬಂತಂತೆ. ಲೋಕದಲ್ಲಿ ಎಂತೆಂಥವರಿರುತ್ತಾರೆ ನೋಡಿ. ತಂಗಿಯ ಯಜಮಾನರು ಒಂದು ಭಾನುವಾರ ಹ್ಯಾಮಿಲ್ಟನ್ ಅವೆನ್ಯೂನಲ್ಲಿರುವ ಇ-ಬೇ ಕಚೇರಿಯ ಮುಂದೆ ಕಾರು ನಿಲ್ಲಿಸಿ ತೋರಿಸಿದರು. ಬೋರ್ಡು ಬಣ್ಣಬಣ್ಣವಾಗಿದೆ. ಮಿಕ್ಕಂತೆ ನೋಡುವಂಥದ್ದೇನಿಲ್ಲ.

ನೋಡುವಂಥದ್ದು ಬೆರ್ಯೆಸ್ಸಾ ರಸ್ತೆಯ ಹಳೆ ಸಾಮಾನಿನ ಸಂತೆ. 1960ರಲ್ಲಿ ಶುರುವಾದ ಈ ಸಂತೆ ಎಷ್ಟು ದೊಡ್ಡದೆಂದರೆ ಸುತ್ತುವಷ್ಟರಲ್ಲಿ ನನ್ನ ಚಪ್ಪಲಿ ಉಂಗುಷ್ಠ ಕಿತ್ತುಹೋಯಿತು. ಮೆಕ್ಸಿಕೋದವರು ಮೆಣಸಿನಕಾಯಿ ರಾಶಿ ಹಾಕಿಕೊಂಡು ಕೂಗುವುದನ್ನು ಕೇಳಿದರೆ ನಮ್ಮ ಸಂತೆಯೇ. ಅಲ್ಲಿ ಒಬ್ಬ ಮುದುಕ ಕಾಮಿಕ್ಸ್ ಹರವಿಕೊಂಡಿದ್ದ. ಗಿರಾಕಿಗಳು ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಬೆನ್ನು ಸವರಿ, ಪಿನ್ನು ನೋಡಿ, ಮೂಸಿ ಕೂಡ ನೋಡಿ ಕೊಳ್ಳುತ್ತಿದ್ದರು. ನಾವು ಬದನೆಕಾಯಿ ಆರಿಸುವ ಹಾಗೆ! ತಂಗಿ ಅಂದಳು, "ನೋಡು, ಇಲ್ಲಿ ಮಾರುವವನು ಬಾಯಿ ಬಿಡಬೇಕಾಗಿಲ್ಲ, ಕೊಳ್ಳುವವನ ಕೈಯೇ ಎಲ್ಲ ಕಂಡುಕೊಳ್ಳತ್ತೆ. ಇ-ಬೇನಲ್ಲಿ ಅವನ ಕೈ, ಮೂಗು ಎಲ್ಲಾ ನಾವೇ ಆಗಬೇಕು."

ಆ ಮಾತು ಆಗ ನನಗೆ ಪೂರ್ತಿ ಅರ್ಥವಾಗಲಿಲ್ಲ. ಪೆಟ್ಟಿಗೆ ಬಿಚ್ಚಿದ ಮೇಲೆ ಅರ್ಥವಾಯಿತು.

ಮೂರು ಮಧ್ಯಾಹ್ನ ಅಜ್ಜಿಯ ಊಟದ ಮೇಜಿನ ಮೇಲೆ ಹಳೆ ಬೆಡ್‌ಶೀಟು ಹಾಸಿ, ಕೈ ತೊಳೆದು ಒರೆಸಿಕೊಂಡು, ಪುಸ್ತಕಗಳನ್ನು ವಿಂಗಡಿಸಿದೆವು. ತಂಗಿಗೆ ಮಕ್ಕಳ ಆಟದ ಸಾಮಾನು ಇ-ಬೇನಲ್ಲಿ ಮಾರಿ ಅಭ್ಯಾಸವಿತ್ತು. ಅವಳ ಯಜಮಾನರಿಗೆ ಚಿಕ್ಕಂದಿನಲ್ಲಿ ಇಂದ್ರಜಾಲ ಕಾಮಿಕ್ಸ್ ಹುಚ್ಚು. ಫ್ಯಾಂಟಮ್, ಮಾಂಡ್ರೇಕ್ ಅಂತ ನಮ್ಮ ಮನೆಯ ಹುಡುಗರೂ ಕಾದಾಡಿ ಓದುತ್ತಿದ್ದರಲ್ಲ, 1964ರಲ್ಲಿ ಶುರುವಾಗಿ 1990ರಲ್ಲಿ ನಿಂತದ್ದು, ಅದೇ. ಹಾಗಾಗಿ ಸಂಜೆ ಆಫೀಸಿನಿಂದ ಬಂದವರೇ ಅವರೂ ಬಂದು ಕೂರುತ್ತಿದ್ದರು. ಅಜ್ಜಿ ಏಪ್ರಿಕಾಟ್ ಜಾಮ್ ಸವರಿದ ಬ್ರೆಡ್ಡು ಕೊಡುತ್ತಿದ್ದರು. ಆದರೆ ಮೇಜಿನ ಹತ್ತಿರ ತಿನ್ನಬಾರದೆಂದು ನನ್ನ ತಂಗಿಯದು ಕಟ್ಟಪ್ಪಣೆ. (ಜಾಮಿಗೆ ಹಣ್ಣಿನ ತೂಕಕ್ಕೆ ಮುಕ್ಕಾಲು ಪಾಲು ಸಕ್ಕರೆ, ಒಂದು ನಿಂಬೆಹಣ್ಣಿನ ರಸ. ನಮ್ಮ ಹುಳಿ ಮಾವಿನಹಣ್ಣಿಗೂ ಇದೇ ಲೆಕ್ಕ ಹಿಡಿದು ಮಾಡಿದ್ದೇನೆ, ಚೆನ್ನಾಗಿ ಬಂತು.)

ಮೊದಲ ಆಶ್ಚರ್ಯ ಏನೆಂದರೆ, ಎಂಟರಲ್ಲಿ ಐದು ಪೆಟ್ಟಿಗೆಯಲ್ಲಿದ್ದ ಥಳಥಳ ಹೊಳೆಯುವ, ಒಂದು ಗೀರೂ ಇಲ್ಲದ ಪುಸ್ತಕಗಳಿಗೇ ಬೆಲೆ ಇರಲಿಲ್ಲ! ಅವೆಲ್ಲ 1990ರ ಆಚೀಚಿನವು. ಮುಂದೆ ಚಿನ್ನದ ಬೆಲೆ ಬರುತ್ತದೆಂದು ಜನ ಒಂದೊಂದರದ್ದೂ ಹತ್ತು ಹತ್ತು ಪ್ರತಿ ಕೊಂಡು, ಓದದೆ ಜೋಪಾನ ಮಾಡಿದ್ದ ಕಾಲ. 1991ರ 'ಎಕ್ಸ್-ಮೆನ್' ಒಂದನೇ ಸಂಚಿಕೆ 80 ಲಕ್ಷಕ್ಕೂ ಮೀರಿ ಅಚ್ಚಾಗಿತ್ತು. ಎಲ್ಲರ ಮನೆಯಲ್ಲೂ ಇದ್ದದ್ದನ್ನು ಯಾರು ಕೊಳ್ಳುತ್ತಾರೆ? ಬೆಲೆ ಬರುವುದು ಮಕ್ಕಳು ಓದಿ, ಹರಿದು, ಅಮ್ಮಂದಿರು ರದ್ದಿಗೆ ಹಾಕಿ, ಹಾಗೂ ಅಲ್ಲೊಂದು ಇಲ್ಲೊಂದು ಉಳಿದದ್ದಕ್ಕೆ. ಅಂದರೆ ನಮ್ಮಂಥ ಅಮ್ಮಂದಿರ ದೆಸೆಯಿಂದಲೇ ಬೆಲೆ ಏರಿದ್ದು ಅನ್ನಿ.

ಇನ್ನು ದರ್ಜೆಯ ವಿಷಯ. ಕಾಮಿಕ್ಸಿಗೆ ಅರ್ಧದಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಪ್ರತಿ ಅಂಕಕ್ಕೂ ಒಂದು ಹೆಸರು. ಇಲ್ಲಿ ನನಗೆ ನಗು ಬಂದದ್ದು, 'ಗುಡ್' ಅಂದರೆ ಬರೀ 2! ಮಡಿಕೆ ಬಿದ್ದು, ಅಂಚು ಸವೆದು, ಬಣ್ಣ ಮಾಸಿ, ಹೇಗೋ ಪುಟಗಳೆಲ್ಲ ಇದ್ದರೆ ಅದು 'ಗುಡ್'. 'ವೆರಿ ಗುಡ್' ಅಂದರೆ 4, 'ಫೈನ್' ಅಂದರೆ 6. ನಮ್ಮ ಅಡಿಕೆಯ ಹಾಗೇ ಅಂದುಕೊಳ್ಳಿ. ಹೊರಗಿನವರಿಗೆ ಎಲ್ಲಾ ಕೆಂಪಡಿಕೆಯೂ ಒಂದೇ. ಮಂಡಿಯಲ್ಲಿ ಸರಕು ಬೇರೆ, ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ. ಗೊರಬಲನ್ನು ಗೊರಬಲು ಅಂತ ಹೇಳಿ ಟೆಂಡರಿಗೆ ಇಟ್ಟರೆ ಅದಕ್ಕೂ ಕೊಳ್ಳುವವರಿದ್ದಾರೆ. ಮೂಟೆಯ ಬಾಯಲ್ಲಿ ಬೆಟ್ಟೆ ಇಟ್ಟು ತಳದಲ್ಲಿ ಗೊರಬಲು ತುಂಬಿದವನ ಮೂಟೆಯನ್ನು ಮಾರನೇ ವಾರ ಯಾರೂ ಮೂಸುವುದಿಲ್ಲ. ತಂಗಿಯ ನಿಯಮ, ತನಗೆ ಐದು ಅನ್ನಿಸಿದರೆ ನಾಲ್ಕು ಅಂತಲೇ ಬರೆಯುವುದು. ಕೊಂಡವನು ಪೊಟ್ಟಣ ಬಿಚ್ಚಿದಾಗ ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ ಅನ್ನಿಸಬೇಕು. ದರ್ಜೆ ಕಟ್ಟಿ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಮಾಡಿಕೊಡುವ ಸಿಜಿಸಿ ಎಂಬ ಸಂಸ್ಥೆ 2000ದಿಂದ ಇದೆ. ಅದಕ್ಕೆ ಖರ್ಚೂ ಇದೆ, ತಿಂಗಳುಗಟ್ಟಲೆ ಕಾಯಲೂಬೇಕು. ಅಜ್ಜಿಗೆ ಅಷ್ಟು ಸಮಯವಿರಲಿಲ್ಲ.

ಎರಡನೆಯ ದಿನ ತಂಗಿಯ ಯಜಮಾನರು ಒಂದು ಪುಸ್ತಕ ಎತ್ತಿ, ಒಂದು ಮಾತೂ ಆಡದೆ ಹಾಗೇ ಕುರ್ಚಿಯಲ್ಲಿ ಕೂತುಬಿಟ್ಟರು. 'ಇನ್‌ಕ್ರೆಡಿಬಲ್ ಹಲ್ಕ್', ಸಂಚಿಕೆ 181, 1974ರ ನವೆಂಬರ್. ಆಗಿನ ಬೆಲೆ 25 ಸೆಂಟ್. ವುಲ್ವರೀನ್ ಅಂತ ಉಗುರಿನ ನಾಯಕನೊಬ್ಬ ಸಿನಿಮಾಗಳಲ್ಲಿ ಬರುತ್ತಾನಲ್ಲ, ಅವನು ಮೊದಲ ಬಾರಿಗೆ ಪೂರ್ತಿಯಾಗಿ ಕಾಣಿಸಿಕೊಂಡ ಸಂಚಿಕೆ. ಒಳ್ಳೆ ಸ್ಥಿತಿಯಲ್ಲಿದ್ದರೆ ಸಾವಿರಾರು ಡಾಲರ್. ಇದರ ಹೊದಿಕೆ ಸುಮಾರಾಗಿತ್ತು, ಬಣ್ಣ ಇತ್ತು, ಪಿನ್ನು ತುಕ್ಕು ಹಿಡಿದಿರಲಿಲ್ಲ. ಅಜ್ಜಿಗೆ ಹೇಳಿದಾಗ ಕೈಯಲ್ಲಿದ್ದ ಬ್ರೆಡ್ಡು ಹಾಗೇ ನಿಂತಿತು.

ತಂಗಿ ಮಾತ್ರ "ತಾಳಿ" ಅಂತ ಕೊನೆಯ ಕಡೆಯ ಪತ್ರಗಳ ಪುಟ ತೆಗೆದಳು. ಅಲ್ಲಿ ಚೌಕಾಕಾರದ ತೂತು!

ಆಗ ಮಾರ್ವೆಲ್ ಕಂಪನಿಯವರು, 1974ರಿಂದ 1976ರವರೆಗೆ, ಓದುಗರ ಪತ್ರಗಳ ಪುಟದಲ್ಲಿ ಅಂಚೆ ಚೀಟಿಯಂಥ ಚಿಕ್ಕ ಚಿತ್ರ ಅಚ್ಚು ಹಾಕುತ್ತಿದ್ದರಂತೆ. ಕತ್ತರಿಸಿ 100 ಕೂಡಿಸಿ ಅಂತ. ಮಕ್ಕಳು ಸುಮ್ಮನಿರುತ್ತಾರೆಯೇ? ನಮ್ಮ ಮಕ್ಕಳು ಬೆಂಕಿಪೊಟ್ಟಣದ ಚಿತ್ರ ಕೂಡಿಸಿದ ಹಾಗೆ ಕೂಡಿಸಿದರು. ಎಂಟು ವರ್ಷದ ಹುಡುಗನ ಆ ಒಂದು ಕತ್ತರಿಸುವಿಕೆಯಿಂದ ಪುಸ್ತಕದ ಬೆಲೆ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಅದು ಕಥೆಯ ಪುಟವಲ್ಲ, ಕಥೆ ಓದುವವನಿಗೆ ಗೊತ್ತೇ ಆಗುವುದಿಲ್ಲ. ಆದರೆ ಕೊಳ್ಳುವವನು ಮೊದಲು ಹುಡುಕುವುದೇ ಅದನ್ನು.

ಅಂದು ಸಂಜೆ ಅಲ್ಲೊಂದು ಸಣ್ಣ ಪಂಚಾಯ್ತಿಯೇ ನಡೆಯಿತು. ಪರಿಚಯದ ಒಬ್ಬ ಹುಡುಗ, ತಾನೂ ಇಂಥವನ್ನು ಮಾರುತ್ತಾನಂತೆ, ಬಂದವನು ಹೇಳಿದ: "ಹೊದಿಕೆಯ ಫೋಟೋ ನಾಲ್ಕು ಹಾಕಿ. 'ಇದ್ದ ಹಾಗೆ ಮಾರಾಟ, ವಾಪಸ್ ಇಲ್ಲ' ಅಂತ ಬರೆಯಿರಿ. ತೂತಿನ ಮಾತೇ ಎತ್ತಬೇಡಿ. ಅದೇನು ಸುಳ್ಳು ಹೇಳಿದ ಹಾಗಲ್ಲವಲ್ಲ?" ಅಜ್ಜಿಗೆ ಹಣದ ಅಗತ್ಯ ಎಷ್ಟಿತ್ತೆಂದು ನಮಗೆಲ್ಲ ಗೊತ್ತಿತ್ತು. ನಾವ್ಯಾರೂ ಮಾತಾಡಲಿಲ್ಲ. ಪುಸ್ತಕ ಅವರದ್ದು, ತೀರ್ಮಾನವೂ ಅವರದ್ದೇ. ಅವರು ಪುಟ ತಿರುಗಿಸಿ ತೂತಿನ ಅಂಚು ಮುಟ್ಟಿ ನೋಡಿದರು. ನಕ್ಕರು. "ನನ್ನ ಹೊಲಿಗೆ ಕತ್ತರಿಯಲ್ಲೇ ಕತ್ತರಿಸಿದಾನೆ, ಅದಕ್ಕೇ ಇಷ್ಟು ನೇರ ಬಂದಿದೆ. ಮೊದಲ ಸಾಲಿನಲ್ಲೇ ಬರೆದುಬಿಡಿ" ಅಂದರು.

ಹುಡುಗನಿಗೆ ತಂಗಿ ಹೇಳಿದ್ದು ಬೇರೆ ಲೆಕ್ಕ. ಹೇಳದೆ ಮಾರಿದರೆ ಕೊಂಡವನು 'ವಿವರಣೆಯಂತೆ ಇಲ್ಲ' ಅಂತ ದೂರು ಕೊಡುತ್ತಾನೆ. ನೀವು 'ವಾಪಸ್ ಇಲ್ಲ' ಅಂತ ಹಾಕಿದ್ದರೂ ಇ-ಬೇಯವರು ಹಣ ವಾಪಸು ಕೊಡಿಸುತ್ತಾರೆ, ಹಿಂದಕ್ಕೆ ಕಳಿಸುವ ಅಂಚೆ ಖರ್ಚೂ ಮಾರಿದವರದ್ದೇ. ಅಷ್ಟರಲ್ಲಿ ಅಕ್ಟೋಬರ್ ಬಂದಿರುತ್ತದೆ. ಇನ್ನೊಂದು, ಒಳಪುಟದ ಫೋಟೋ ಇಲ್ಲದ 181 ಕಂಡರೆ ಬಲ್ಲವರು ತೂತು ಇದೆ ಅಂತಲೇ ಎಣಿಸಿ ಅದಕ್ಕಿಂತ ಕೆಳಗೆ ಕೂಗುತ್ತಾರೆ. ಮುಚ್ಚಿಟ್ಟದ್ದನ್ನು ಜನ ಇರುವುದಕ್ಕಿಂತ ದೊಡ್ಡದು ಮಾಡಿಕೊಳ್ಳುತ್ತಾರೆ, ಹೆಣ್ಣು ತೋರಿಸುವಾಗ ಆಗುತ್ತಲ್ಲ, ಹಾಗೆ!

ಫೋಟೋ ತೆಗೆಯುವ ಕೆಲಸ ಬೆಳಗಿನ ಹತ್ತು ಗಂಟೆಗೆ, ಬಿಸಿಲು ನೇರ ಬೀಳದ ಕಿಟಕಿಯ ಹತ್ತಿರ. ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆದೇ ಹಿಡಿಯಬೇಕು, ಇಲ್ಲದಿದ್ದರೆ ಹೊಳಪು ಹೊಡೆದು ಗೀರು ಕಾಣುವುದಿಲ್ಲ. ಮುಂದೆ, ಹಿಂದೆ, ಬೆನ್ನು, ನಾಲ್ಕು ಮೂಲೆ, ನಡುವಿನ ಪಿನ್ನು. ತೂತಿನ ಪುಟಕ್ಕೆ ಹಿಂದಿನಿಂದ ಕಪ್ಪು ಕಾಗದ ಇಟ್ಟು ತೆಗೆದಳು, ಕಣ್ಣಿಗೆ ಹೊಡೆದು ಕಾಣಲಿ ಅಂತ. ಪುಟಗಳನ್ನು ಎಣಿಸಿ, ಎಲ್ಲವೂ ಇವೆ ಅಂತ ಬರೆದಳು. ಪುಟದ ಬಣ್ಣ ಬಿಳಿಯಲ್ಲ, ಕೆನೆ ಬಣ್ಣಕ್ಕೆ ತಿರುಗಿದೆ ಅಂತ ಬರೆದಳು. ಯಾವ ಫೋಟೋದಲ್ಲೂ ಕಾಣದ ಒಂದು ವಿಷಯ ನಾನು ಹೇಳಿಕೊಟ್ಟದ್ದು, ವಾಸನೆ! ಅಜ್ಜಿಯ ಯಜಮಾನರು ಗ್ಯಾರೇಜಿನಲ್ಲಿ ಕೂತು ಪೈಪು ಸೇದುತ್ತಿದ್ದರು, ಮೂರು ಪೆಟ್ಟಿಗೆಗೆ ಹೊಗೆಸೊಪ್ಪಿನ ವಾಸನೆ ಹತ್ತಿತ್ತು. ಅದನ್ನೂ ಬರೆದಳು. ತಲೆಬರಹಕ್ಕೆ 80 ಅಕ್ಷರ ಮಾತ್ರ ಜಾಗ. ಅದರಲ್ಲಿ ಹೆಸರು, ಸಂಖ್ಯೆ, ವರ್ಷ, ಮತ್ತು 'ಚೀಟಿ ಕತ್ತರಿಸಿದೆ'. 'ಅಪರೂಪ', 'ಅದ್ಭುತ', 'ನೋಡಲೇಬೇಕು' ಇಂಥವಕ್ಕೆ ಜಾಗ ದಂಡ ಮಾಡಲಿಲ್ಲ. ಹುಡುಕುವವನು 'ಅದ್ಭುತ' ಅಂತ ಹುಡುಕುವುದಿಲ್ಲ, '181' ಅಂತ ಹುಡುಕುತ್ತಾನೆ.

ಎಷ್ಟರಿಂದ ಶುರು ಮಾಡುವುದು? ಬೆಲೆ ತಿಳಿಯಬೇಕಾದರೆ ಜನ ಕೇಳುತ್ತಿರುವ ಬೆಲೆ ನೋಡಬಾರದು, ಮಾರಾಟವಾಗಿ ಮುಗಿದವುಗಳ ಪಟ್ಟಿ ನೋಡಬೇಕು. ಅದು ಅಲ್ಲೇ ಸಿಗುತ್ತದೆ. ಕೇಳುವುದಕ್ಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು. 2014ರಲ್ಲಿ ವಾಷಿಂಗ್ಟನ್ ರಾಜ್ಯದ ವ್ಯಾಪಾರಿಯೊಬ್ಬರು ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ 'ಆಕ್ಷನ್ ಕಾಮಿಕ್ಸ್' ಒಂದನೇ ಸಂಚಿಕೆಯನ್ನು ಇ-ಬೇನಲ್ಲಿ 99 ಸೆಂಟ್‌ನಿಂದ ಹರಾಜಿಗಿಟ್ಟರು, ಹತ್ತು ದಿನದಲ್ಲಿ 32 ಲಕ್ಷ ಡಾಲರ್‌ಗೆ ಹೋಯಿತು. ಆದರೆ ಅದನ್ನು ಲೋಕವೇ ಕಾದಿತ್ತು. ಯಾರಿಗೂ ಬೇಡದ ಪುಸ್ತಕವನ್ನು 99 ಸೆಂಟ್‌ಗೆ ಇಟ್ಟರೆ 99 ಸೆಂಟ್‌ಗೇ ಹೋಗುತ್ತದೆ! ಅದಕ್ಕೇ ತಂಗಿ ಹಲ್ಕ್ ಪುಸ್ತಕವನ್ನು ಮಾತ್ರ ಕಡಿಮೆಯಿಂದ ಶುರು ಮಾಡಿದಳು. ಮಿಕ್ಕವಕ್ಕೆ ಇಷ್ಟಕ್ಕೆ ಹೋದರೂ ಬೇಜಾರಿಲ್ಲ ಅನ್ನುವ ಮೊತ್ತವನ್ನೇ ಮೊದಲ ಬೆಲೆಯಾಗಿ ಇಟ್ಟಳು. 1990ರ ಐದು ಪೆಟ್ಟಿಗೆಯನ್ನು ಐವತ್ತೈವತ್ತರ ಕಟ್ಟು ಮಾಡಿ, ಪ್ರತಿ ಪುಸ್ತಕದ ಹೆಸರು ಬರೆದು ಇಟ್ಟಳು. ಮೇಲೊಂದು ಒಳ್ಳೆಯದಿಟ್ಟು 'ಇನ್ನೂ ಇಂಥವು' ಅನ್ನುವವರಿದ್ದಾರಂತೆ. ಮತ್ತದೇ ಅಡಿಕೆ ಮೂಟೆ.

ಹರಾಜು ಏಳು ದಿನ, ಮುಗಿಯುವುದು ಭಾನುವಾರ ಸಂಜೆ ಆರಕ್ಕೆ. ಆಗ ನ್ಯೂಯಾರ್ಕ್ ಕಡೆ ರಾತ್ರಿ ಒಂಬತ್ತು. ಇಡೀ ದೇಶ ಊಟ ಮುಗಿಸಿ ಮನೆಯಲ್ಲಿರುವ ಹೊತ್ತು.

ಆ ವಾರ ಬಂದ ಪತ್ರಗಳು ತಮಾಷೆ. ಒಬ್ಬನಿಗೆ ತೂತಿನ ಅಳತೆ ಬೇಕು. ತಂಗಿ ಸ್ಕೇಲಿಟ್ಟು ಫೋಟೋ ಕಳಿಸಿದಳು. ಇನ್ನೊಬ್ಬ, "ಹರಾಜು ನಿಲ್ಲಿಸಿ, ಈಗಲೇ ಬೇರೆ ದಾರಿಯಲ್ಲಿ 700 ಕೊಡುತ್ತೇನೆ" ಅಂದ. ಅದು ಇ-ಬೇಯ ನಿಯಮಕ್ಕೆ ವಿರುದ್ಧ. ಹೊರಗೆ ವ್ಯವಹಾರ ಮಾಡಿ ಮೋಸವಾದರೆ ಕೇಳುವವರೂ ಇಲ್ಲ. ಆಗಲೇ ಕೂಗಿದವರಿಗೆ ಏನು ಹೇಳುವುದು? ತಂಗಿ ಬೇಡ ಅಂದಳು. ಗುರುವಾರ ಬೆಲೆ 410ರಲ್ಲಿ ನಿಂತುಬಿಟ್ಟಿತು. ಆಗ ಅದೇ ಹುಡುಗ, "ನನ್ನ ಖಾತೆಯಿಂದ ಎರಡು ಕೂಗು ಹಾಕ್ತೀನಿ, ಏರಿಸೋಣ" ಅಂದ. ನಮ್ಮವರನ್ನೇ ಜನರ ನಡುವೆ ನಿಲ್ಲಿಸಿ ಕೂಗಿಸುವ ಈ ವಿದ್ಯೆ ಯಾವ ದೇಶದಲ್ಲಿಲ್ಲ ಹೇಳಿ! ಸಿಕ್ಕಿಬಿದ್ದರೆ ಇ-ಬೇಯವರು ಖಾತೆಯನ್ನೇ ಮುಚ್ಚುತ್ತಾರೆ, ಕಾನೂನಿನ ಕಣ್ಣಿಗೂ ಅದು ಮೋಸವೇ. ತಂಗಿ ಮಾತಾಡದೆ ಅವನಿಗೆ ಕಾಫಿ ಕೊಟ್ಟು ಕಳಿಸಿದಳು.

ಭಾನುವಾರ ಅಜ್ಜಿ ಐದು ಗಂಟೆಗೇ ಬಂದು ಕೂತರು. ಐದೂ ಐವತ್ತಕ್ಕೆ 640. ಇ-ಬೇನಲ್ಲಿ ಕೂಗುವವರು ತಮ್ಮ ಮೇಲ್ಮಿತಿಯನ್ನು ಮೊದಲೇ ಗುಟ್ಟಾಗಿ ಬರೆದಿಡುತ್ತಾರೆ. ಇನ್ನೊಬ್ಬ ಕೂಗಿದಾಗ ಯಂತ್ರವೇ ಅವರ ಪರವಾಗಿ ಅಷ್ಟಷ್ಟೇ ಏರಿಸುತ್ತದೆ. ಗೆದ್ದವನು ಕೊಡುವುದು ತನ್ನ ಹಿಂದಿನವನ ಮಿತಿಗಿಂತ ಒಂದು ಮೆಟ್ಟಿಲು ಹೆಚ್ಚು ಮಾತ್ರ. ಬಲ್ಲವರು ಕೊನೆಯ ಹತ್ತು ಸೆಕೆಂಡಿಗೆ ಕಾಯುತ್ತಾರೆ. ಆರು ಗಂಟೆಗೆ ಎಂಟು ಸೆಕೆಂಡಿದ್ದಾಗ ಅಂಕಿ ಒಮ್ಮೆ ಜಿಗಿಯಿತು, ಮತ್ತೊಮ್ಮೆ ಜಿಗಿಯಿತು, 1,040ರಲ್ಲಿ ನಿಂತಿತು. ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

ಇ-ಬೇಯವರ ಪಾಲು ನೂರಕ್ಕೆ ಸುಮಾರು ಹದಿಮೂರು ಕಳೆಯಬೇಕು, ಇದನ್ನು ಮರೆತು ಲೆಕ್ಕ ಹಾಕುವವರೇ ಹೆಚ್ಚು. 750 ಡಾಲರ್ ದಾಟಿದ ಪೊಟ್ಟಣಕ್ಕೆ ಪಡೆದವರ ಸಹಿ ತೆಗೆದುಕೊಳ್ಳುವ ಅಂಚೆಯನ್ನೇ ಮಾಡಿಸಬೇಕು, ಇಲ್ಲವಾದರೆ 'ತಲುಪಿಲ್ಲ' ಅಂದಾಗ ಕಂಪನಿ ನಮ್ಮ ಪರ ನಿಲ್ಲುವುದಿಲ್ಲ.

ಪೊಟ್ಟಣ ಕಟ್ಟಿದ್ದು ನಾನು! ಅದಕ್ಕೇ ವಿವರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ, ಬೆನ್ನಿಗೆ ಆಮ್ಲವಿಲ್ಲದ ಬಿಳಿ ರಟ್ಟು. ಚೀಲದ ಬಾಯಿಗೆ ಹಚ್ಚಿದ ಟೇಪಿನ ತುದಿ ಮಡಚಿ ಕಿವಿ ಮಾಡಬೇಕು, ಬಿಡಿಸುವಾಗ ಅಂಟು ಪುಸ್ತಕಕ್ಕೆ ತಾಗಿದರೆ ಅಷ್ಟೇ ಗತಿ. ಆಮೇಲೆ ಎರಡು ಸುಕ್ಕು ರಟ್ಟಿನ ತುಂಡು, ಒಂದರ ಗೆರೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಬರುವಂತೆ. ಆಗ ಯಾವ ಕಡೆಗೂ ಬಾಗುವುದಿಲ್ಲ. ಪುಸ್ತಕಕ್ಕಿಂತ ರಟ್ಟು ಎರಡು ಬೆರಳು ಅಗಲ ಇರಬೇಕು, ಪೆಟ್ಟು ಬಿದ್ದರೆ ರಟ್ಟಿನ ಮೂಲೆಗೆ ಬೀಳಲಿ. ಗೋಡೆಗೆ ಬಣ್ಣ ಹೊಡೆಯುವವರ ನೀಲಿ ಟೇಪಿನಿಂದ ಹಿಡಿಸಿ, ಇನ್ನೊಂದು ಪೆಟ್ಟಿಗೆಯೊಳಗೆ ಅಲುಗಾಡದಂತೆ. ಹೋಳಿಗೆ ಡಬ್ಬಿ ಕಟ್ಟಿ ಬಸ್ಸಿನಲ್ಲಿ ಕಳಿಸಿ ಅಭ್ಯಾಸವಿದ್ದವರಿಗೆ ಇದೇನು ಮಹಾ.

ಅಂಚೆ ಕಚೇರಿಯಲ್ಲಿ ಇನ್ನೊಂದು ವಿಷಯ ತಿಳಿಯಿತು. ಅಮೆರಿಕದ ಅಂಚೆಯಲ್ಲಿ ಪುಸ್ತಕಗಳಿಗೆ 'ಮೀಡಿಯಾ ಮೇಲ್' ಎಂಬ ಅಗ್ಗದ ದರ ಇದೆ. ಕಾಮಿಕ್ಸಿಗೆ ಅದು ಇಲ್ಲ, ಯಾಕೆಂದರೆ ಒಳಗೆ ಜಾಹೀರಾತಿರುತ್ತದೆ. 'ಪುಸ್ತಕ' ಅಂತ ಹೇಳಿ ಕಳಿಸುವವರು ಬೇಕಾದಷ್ಟು ಜನ. ಅಂಚೆಯವರು ಬಿಚ್ಚಿ ನೋಡಬಹುದು, ನೋಡಿದರೆ ಬಾಕಿ ಹಣ ಕೊಂಡವನ ಬಾಗಿಲಲ್ಲಿ ಕೇಳುತ್ತಾರೆ. ಅಜ್ಜಿ ಪೂರ್ತಿ ದರವನ್ನೇ ಕೊಟ್ಟರು.

ಹತ್ತು ದಿನದ ಮೇಲೆ ಕೊಂಡವನಿಂದ ಎರಡು ಸಾಲು ಬಂತು. ಅವನ ಹತ್ತಿರ ಚಿಂದಿಯಾದ ಇನ್ನೊಂದು 181ರ ಕೊನೆಯ ಪುಟಗಳು ಮಾತ್ರ ಇದ್ದವಂತೆ, ಚೀಟಿ ಸಮೇತ. ಅಳತೆ ಕೇಳಿದವನೂ ಅವನೇ! ಎರಡನ್ನೂ ಜೊತೆಗಿಟ್ಟುಕೊಳ್ಳುತ್ತೇನೆ, ಅಂಟಿಸುವುದಿಲ್ಲ ಅಂತ ಬರೆದಿದ್ದ. ಬೇರೆ ಪ್ರತಿಯ ಪುಟ ಸೇರಿಸಿದ್ದನ್ನು ಅಲ್ಲಿಯವರು 'ಮದುವೆ ಮಾಡಿದ ಪುಟ' ಅನ್ನುತ್ತಾರಂತೆ. ಹಾಗೆ ಸೇರಿಸಿದ್ದರೆ ಮಾರುವಾಗ ಹೇಳಲೇಬೇಕು. ಮುಂದಿನ ತಿಂಗಳು ಅವನೇ ಅಜ್ಜಿಯ ಇನ್ನೂ ಹನ್ನೊಂದು ಪುಸ್ತಕ ಕೊಂಡ. ನಾನು ಊರಿಗೆ ಬಂದ ಮೇಲೂ ತಂಗಿ ಮಾರುತ್ತಲೇ ಇದ್ದಳು. ಅಕ್ಟೋಬರ್ ಹೊತ್ತಿಗೆ ಇ-ಬೇ ಪಾಲು, ಅಂಚೆ, ರಟ್ಟು ಎಲ್ಲ ಕಳೆದು ಅಜ್ಜಿಯ ಕೈಗೆ 3,300 ಡಾಲರ್ ಬಂತು. ಎರಡು ಪೆಟ್ಟಿಗೆ ಮಾರಾಟವಾಗದೆ ಉಳಿದವು. ಅವನ್ನು ಮಕ್ಕಳ ಗ್ರಂಥಾಲಯಕ್ಕೆ ಕೊಟ್ಟರು.

ಈಚೆಗೆ ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಅದೇ ಸೀಮೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ತೀರಿಹೋದ ತಾಯಿಯ ಮನೆಯ ಅಟ್ಟದಲ್ಲಿ ಮೂವರು ಅಣ್ಣತಮ್ಮಂದಿರಿಗೆ ಹಳೆ ಪತ್ರಿಕೆಗಳ ಕೆಳಗೆ 1939ರ 'ಸೂಪರ್‌ಮ್ಯಾನ್' ಒಂದನೇ ಸಂಚಿಕೆ ಸಿಕ್ಕಿತು. 2025ರ ನವೆಂಬರಿನಲ್ಲಿ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ 91 ಲಕ್ಷ ಡಾಲರ್ ದಾಟಿತು, ಸುಮಾರು ಎಂಬತ್ತು ಕೋಟಿ ರೂಪಾಯಿ! ತಂಪು ಹವೆ, ಒಣ ಅಟ್ಟ. ನಮ್ಮ ಅಟ್ಟದಲ್ಲಿ ಗೆದ್ದಲು ಬಿಡುತ್ತಿತ್ತೇ?

ಸುದ್ದಿ ಓದಿ ನಮ್ಮ ಬೀದಿಯ ಇಬ್ಬರು ಅಮರ ಚಿತ್ರ ಕಥೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಅಮರ ಚಿತ್ರ ಕಥೆ ಮೊದಲು ಹೊರಬಂದದ್ದೇ ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಂ ಅವರ ಪ್ರಯತ್ನದಿಂದ. ಆ ಮೊದಲ ಹತ್ತು ನಮ್ಮ ಪುರಾಣವಲ್ಲ, ಸಿಂಡರೆಲಾಳಂಥ ಪರದೇಶದ ಕಥೆಗಳು. ಅದಕ್ಕೇ ಅನಂತ ಪೈ ಅವರ 'ಕೃಷ್ಣ'ನಿಗೆ ಹನ್ನೊಂದನೇ ಸಂಖ್ಯೆ. ಆ ಹತ್ತರಲ್ಲಿ ಒಂದಿದ್ದರೆ ಜೋಪಾನ ಮಾಡಿ. ಮಿಕ್ಕವು ಮತ್ತೆ ಮತ್ತೆ ಅಚ್ಚಾಗಿವೆ, ಎಷ್ಟನೇ ಮುದ್ರಣ ಅಂತ ಮೊದಲು ನೋಡಬೇಕು. ನಮ್ಮಲ್ಲಿ ಬಾಝೀ ಅಂತ ಇದ್ದದ್ದನ್ನು ಇ-ಬೇ 2004ರಲ್ಲಿ ಕೊಂಡು ನಡೆಸಿತು, ಆ ಭಾರತದ ಇ-ಬೇ 2018ರಲ್ಲಿ ಮುಚ್ಚಿತು. ಈಗ ಫೇಸ್‌ಬುಕ್ ಗುಂಪುಗಳಲ್ಲಿ ಮಾರುವವರಿದ್ದಾರೆ. ಅಲ್ಲಿ ಹಣ ವಾಪಸು ಕೊಡಿಸುವ ಮಧ್ಯಸ್ಥರಿಲ್ಲ, ಹಾಗಾಗಿ ಹೇಳಬೇಕಾದ್ದನ್ನು ಇನ್ನೂ ಬಿಡಿಸಿ ಹೇಳಬೇಕು, ಕೇಳಬೇಕು. ಹರಿದ ಕಡೆ ಟೇಪು ಹಚ್ಚಬೇಡಿ. ಪೆನ್ನಿನ ಹೆಸರನ್ನು ಉಜ್ಜಿ ಅಳಿಸಬೇಡಿ. ಮಾಸಿದ ಬಣ್ಣಕ್ಕೆ ಸ್ಕೆಚ್ ಪೆನ್ನು ತಾಗಿಸಬೇಡಿ. ಇದ್ದದ್ದು ಇದ್ದ ಹಾಗೇ ಇರಲಿ, ಇದ್ದ ಹಾಗೇ ಬರೆಯಿರಿ.

ನಮ್ಮ ಮನೆಯ ಅಟ್ಟದಿಂದ ಹದಿನೇಳು ಇಳಿಸಿದ್ದೇನೆ. ಬಿಸಿಲಿಗಲ್ಲ, ನೆರಳಿನಲ್ಲಿ ಗಾಳಿಗೆ ಹರವಿ, ಬಜೆ ತುಂಡು ಹಾಕಿ ಡಬ್ಬಿಗೆ ತುಂಬಿದ್ದೇನೆ. ನೋಟುಬುಕ್ಕಿನಲ್ಲಿ ಪಟ್ಟಿಯೂ ಆಗಿದೆ: ಎರಡಕ್ಕೆ ಹೊದಿಕೆ ಇಲ್ಲ, ಮೂರಕ್ಕೆ ಪಿನ್ನಿನ ತುಕ್ಕು, ಒಂದರ ಹಿಂದೆ ನಮ್ಮ ಮೈದುನನ ಏಳನೇ ಕ್ಲಾಸಿನ ಲೆಕ್ಕ, ಅದೂ ತಪ್ಪು ಲೆಕ್ಕ.